ನಿನ್ನೆ ನಾನು ಹೇಳಿದ ಸುಳ್ಳು

ಹಿಸ್ಕೆ,

ನೀನು ಏಳುವ ಮೊದಲೇ ಹೊರಟಿದ್ದೇನೆ. ನಿನ್ನ ಮುಖ ನೋಡುವ ಧೈರ್ಯ ಬರಲಿಲ್ಲ.

ಹತ್ತು ಗಂಟೆಗೆ ಇವತ್ತಿನ ಗುಂಪಿನ ಹನ್ನೆರಡು ಜನ ಕಡಲ ಏರಿಯ ಬಳಿ ಬರುತ್ತಾರೆ. ಇಳಿತದಲ್ಲಿ ಸಮುದ್ರದ ಕೆಸರುನೆಲ ತೆರೆದುಕೊಂಡ ಮೇಲೆ, ಅದರ ಮೇಲೆಯೇ ಆಮೆಲಾಂಡ್ ದ್ವೀಪಕ್ಕೆ ಅವರನ್ನು ನೀನೇ ನಡೆಸಿಕೊಂಡು ಹೋಗು. ಪ್ರತಿಯೊಬ್ಬರ ಶೂ ದಾರ ಎಳೆದು ನೋಡು. ಸಡಿಲವಿದ್ದರೆ ಕೆಸರು ಕಿತ್ತುಕೊಳ್ಳುತ್ತದೆ. ಬದಲಿ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸು. ಹಗ್ಗ, ದಿಕ್ಸೂಚಿ ಬಾಗಿಲ ಹಿಂದಿವೆ. ನಿನಗೆ ಬ್ರೆಡ್ಡು, ಚೀಸು ಕಟ್ಟಿಟ್ಟಿದ್ದೇನೆ. ಮರೆಯಬೇಡ.

ನಿನ್ನೆಯ ಗುಂಪಿನೊಂದಿಗೆ ಹೊರಡುವಾಗ ನೀನು, "ಅಣ್ಣಾ, ಪಟ್ಟಿಯಲ್ಲಿ ನೀನು ನೋಡ್ತಿರೋದು ನಾಳೆಯ ಉಬ್ಬರದ ಹೊತ್ತು, ಇವತ್ತು ನೀರು ಬೇಗ ಏರುತ್ತೆ" ಅಂದೆ. ನಾನು ಎಲ್ಲರೆದುರು, "ನೀನು ಜನರ ಶೂ ನೋಡ್ಕೋ ತಾಯಿ, ಸಮುದ್ರ ನಾನು ನೋಡ್ಕೋತೀನಿ" ಎಂದು ನಗಿಸಿದೆ. ದಾರಿಯಲ್ಲಿ ಕೆಸರಿನ ನಡುವಿನ ಕಾಲುವೆ ದಾಟುವಾಗ ನೀರು ಎದೆಮಟ್ಟ ಬಂದಾಗ ನಾನು ದಿಕ್ಕು ತೋಚದೆ ನಿಂತೆ. ಗುಂಪಿನಲ್ಲಿದ್ದ ಮುದುಕಿಯನ್ನು ತಬ್ಬಿ ಹಿಡಿದು ಎಲ್ಲರನ್ನೂ ದಡ ಸೇರಿಸಿದವಳು ನೀನು. ಆಮೇಲೂ ನಾನು, "ತಂಗಿ ತಡವಾಗಿ ಹೊರಡಿಸಿದ್ದಕ್ಕೇ ಹೀಗಾಯ್ತು" ಎಂದುಬಿಟ್ಟೆ.

ನಿನ್ನೆಯ ಗುಂಪಿನವರೆಲ್ಲ ಇನ್ನೂ ವಸತಿಗೃಹದಲ್ಲೇ ಇದ್ದಾರೆ. ತಿಂಡಿಗೆ ಕೂತಿರುವಾಗಲೇ ಹೋಗಿ, ತಪ್ಪು ನನ್ನದೆಂದೂ ಆಮೇಲೆ ಸುಳ್ಳು ಹೇಳಿದೆನೆಂದೂ ಒಪ್ಪಿಕೊಳ್ಳುತ್ತೇನೆ.

ಮುಂದೆಂದಾದರೂ ನನ್ನನ್ನು ಜೊತೆಗೆ ಕರೆದರೆ, ಸಾಲಿನ ಕೊನೆಯಲ್ಲಿ ನಡೆಯುತ್ತೇನೆ. ಕರೆಯದಿದ್ದರೂ ಯಾಕೆಂದು ಕೇಳುವುದಿಲ್ಲ.

ವೀಬೆ