ಸೀರೆ ಕೇಳಲು ಬಂದ ಕಂದು ಬೂಟಿನವನು

ಮೊಳಕಾಲ್ಮೂರು
13 ಡಿಸೆಂಬರ್ 2009, ಭಾನುವಾರ

ಪ್ರೀತಿಯ ಮಗಳು ಪುಷ್ಪಲತಾಳಿಗೆ,

ಹೇಗಿದ್ದೀಯ ಪುಷ್ಪಾ? ಕೆಮ್ಮು ನಿಂತಿತೇ? ಚಳಿ ಶುರುವಾಗಿದೆ, ಹಾಸ್ಟೆಲ್ಲಿನಲ್ಲಿ ತಣ್ಣೀರು ಸ್ನಾನ ಮಾಡಿ ಶೂರತನ ತೋರಿಸಬೇಡ. ಕಳೆದ ಸಲ ಕಳಿಸಿದ ಕಡಲೆಬೀಜದ ಚಟ್ನಿಪುಡಿ ಇಷ್ಟರಲ್ಲಿ ಮುಗಿದಿರುತ್ತದೆ. ತಿಂದವಳು ನೀನೋ, ನಿನ್ನ ರೂಮಿನ ದಿವ್ಯಾನೋ ಎಂಬುದು ನನಗೆ ಇನ್ನೂ ಅನುಮಾನ. ಬರುವಾಗೆಲ್ಲ ನೀನು ಸೊರಗಿಕೊಂಡೇ ಬರುತ್ತೀಯ, ಆ ಹುಡುಗಿ ಮಾತ್ರ ದುಂಡಗಾಗುತ್ತಿದ್ದಾಳೆ. ಇಲ್ಲಿ ನಾನು ಚೆನ್ನಾಗಿದ್ದೇನೆ. ನಿಮ್ಮಪ್ಪನಿಗೆ ಮಗ್ಗದ ಗುಂಡಿಯಲ್ಲಿ ಕೂತು ಕೂತು ಸೊಂಟ ಹಿಡಿದುಕೊಂಡಿತ್ತು. ಎಣ್ಣೆ ಕಾಯಿಸಿ ತಿಕ್ಕಿದೆ, ಈಗ ವಾಸಿ. ಆದರೂ ಅವರು ಗುಂಡಿ ಬಿಟ್ಟು ಏಳುತ್ತಿಲ್ಲ. ಅದಕ್ಕೂ ಒಂದು ಕಾರಣ ಇದೆ, ಮುಂದೆ ಹೇಳುತ್ತೇನೆ.

ಫೋನ್ ಮಾಡುವುದು ಬಿಟ್ಟು ಅವ್ವ ಕಾಗದ ಯಾಕೆ ಬರೆದಳು ಎಂದು ನಿನಗೆ ಅನ್ನಿಸಬಹುದು. ಮನೆಯಲ್ಲಿರುವುದು ಒಂದೇ ಮೊಬೈಲು, ಅದು ಸದಾ ನಿಮ್ಮಪ್ಪನ ಜೇಬಿನಲ್ಲಿರುತ್ತದೆ. ಕೇಳಿದರೆ ಕೊಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಕೊಟ್ಟ ಮೇಲೆ ಪಕ್ಕದಲ್ಲೇ ಕಿವಿ ಬಿಟ್ಟುಕೊಂಡು ನಿಲ್ಲುತ್ತಾರೆ. ನಾನು ಹೇಳಬೇಕಾಗಿರುವುದು ಅವರ ವಿಷಯವೇ. ಈವತ್ತು ಜರಿ ತರಲು ರಾಯದುರ್ಗಕ್ಕೆ ಹೋಗಿದ್ದಾರೆ, ಬರುವುದು ಸಂಜೆಯಾಗುತ್ತದೆ. ಅಷ್ಟರೊಳಗೆ ಬರೆದು ಮುಗಿಸಬೇಕು. ಪಕ್ಕದ ಮನೆ ರಂಗಕ್ಕ ನಾಳೆ ನಿಮ್ಮ ಚಳ್ಳಕೆರೆಗೇ ಮಗಳ ಮನೆಗೆ ಹೊರಟಿದ್ದಾಳೆ, ಅವಳ ಕೈಯಲ್ಲೇ ಕಳಿಸುತ್ತೇನೆ. ಅಂಟು ಹಾಕಿಯೇ ಕೊಡುತ್ತೇನೆ. ರಂಗಕ್ಕನಿಗೆ ಓದು ಬರುವುದಿಲ್ಲ ನಿಜ, ಆದರೆ ಬಸ್ಸಿನಲ್ಲಿ ಓದು ಬರುವವರು ಕೂತಿರುತ್ತಾರಲ್ಲ.

ವಿಷಯ ಏನೆಂದರೆ, ನಿನ್ನ ಬೆನ್ನ ಹಿಂದೆ ನಿನಗೆ ಮದುವೆ ಗೊತ್ತು ಮಾಡುತ್ತಿದ್ದಾರೆ. ಸುಮ್ಮನೆ ಹೇಳುತ್ತಿಲ್ಲ. ದೀಪಾವಳಿಗೆ ತಳಕಿನಿಂದ ನಿನ್ನ ಸೋದರತ್ತೆ ಲಕ್ಷ್ಮಕ್ಕ ಬಂದಿದ್ದಳು. ಹೋಳಿಗೆ ತಿನ್ನುತ್ತಾ ನಿನ್ನ ಎತ್ತರ ಎಷ್ಟು ಎಂದು ಕೇಳಿದಳು. ಗೊಬ್ಬರದ ಅಂಗಡಿ ಇಟ್ಟಿರುವ ಒಬ್ಬ ಹುಡುಗನ ಗುಣಗಾನ ಮಾಡಿದಳು. ನಾನು ಮಗಳ ಓದು ಮುಗಿಯಲಿ ಅಂದೆ. ಅದಕ್ಕೆ ಅವಳು, "ಓದಿ ಏನ್ ಮಾಡ್ತಾಳೆ ಗೀತಮ್ಮ? ಆ ಕಾಲೇಜಿಂದ ಒಬ್ರಾದ್ರೂ ಹೊರಗ್ ಬಂದು ಕೆಲ್ಸ ಹಿಡ್ದಿದ್ದು ನೋಡಿದೀಯಾ?" ಅಂದಳು. ಉರಿದುಹೋಯಿತು ನನಗೆ. ನಿಮ್ಮದು ಹೊಸ ಕಾಲೇಜು, ನೀವೇ ಮೊದಲ ತಂಡ. ನಿಮಗಿಂತ ಮುಂದೆ ಓದಿದವರೇ ಇಲ್ಲದ ಮೇಲೆ ಯಾರನ್ನು ತೋರಿಸಲಿ? ನೋಡು ನಮ್ಮ ಹುಡುಗಿಯನ್ನು, ಅವಳೇ ಮೊದಲನೆಯವಳಾಗುತ್ತಾಳೆ ಎಂದು ಹೇಳಬೇಕಿತ್ತು. ಅವಳು ಬಸ್ಸು ಹತ್ತಿ ಹೋದ ಮೇಲೆ ಈ ಮಾತು ಹೊಳೆಯಿತು. ನಿಮ್ಮಪ್ಪ ಆವಾಗ ಅಕ್ಕನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದರು. ನನಗೆ ಅವತ್ತೇ ಒಂದು ಹುಳ ಹೊಕ್ಕಿತು.

ಆಮೇಲೆ ಟ್ರಂಕಿನಲ್ಲಿ ಇಟ್ಟಿದ್ದ ನಿನ್ನ ಸಣ್ಣ ಫೋಟೋಗಳು ಕಾಣೆಯಾದವು. ನಿಮ್ಮಪ್ಪನನ್ನು ಕೇಳಿದರೆ "ಇಲಿ ಕಡ್ದಿರ್ಬೇಕು" ಅಂದರು. ನಿನ್ನ ಫೋಟೋವನ್ನೇ ಆರಿಸಿ ತಿಂದು, ಪಕ್ಕದಲ್ಲಿದ್ದ ರೇಷ್ಮೆ ರವಿಕೆ ಕಣವನ್ನು ಮುಟ್ಟದ ಇಲಿಯನ್ನು ನೀನು ಎಲ್ಲಾದರೂ ಕಂಡಿದ್ದೀಯಾ? ನಂತರ ಈ ಸೀರೆ. ಸಾಹುಕಾರರ ಕೆಲಸ ಮುಗಿದ ಮೇಲೆ ದಿನಾ ಸಂಜೆ ಬೇರೊಂದು ಸೀರೆ ನೇಯುತ್ತಿದ್ದಾರೆ. ಎಲೆಹಸಿರು ಮೈ, ಕೆಂಪು ಅಂಚು, ಸೆರಗಿನ ತುಂಬ ಮಾವಿನಕಾಯಿ. ಅದಕ್ಕೆ ರಾಟೆಯಲ್ಲಿ ನೂಲಿನ ಕಂಡಿಕೆ ಸುತ್ತಿಕೊಟ್ಟವಳು ನಾನೇ, ಆದರೆ ಯಾರ ಸೀರೆ ಎಂದು ಕೇಳಿದರೆ "ಆರ್ಡರ್ ಕಣೇ" ಎಂದು ಲಾಳಿಯನ್ನು ನೋಡುತ್ತಾರೆ. ಇಪ್ಪತ್ತು ವರ್ಷ ಈ ಮನುಷ್ಯನ ಪಕ್ಕ ಕೂತು ರಾಟೆ ತಿರುಗಿಸಿದ್ದೇನೆ. ಸುಳ್ಳು ಹೇಳುವಾಗ ಲಾಳಿಯನ್ನೇ ನೋಡುತ್ತಾರೆ.

ಇದೆಲ್ಲ ನನ್ನ ತಲೆಯ ಹುಳ ಎಂದು ಸುಮ್ಮನಿದ್ದೆ. ನಿನ್ನೆ ಮಧ್ಯಾಹ್ನ ಆ ಮನುಷ್ಯ ಬಂದ. ನಿಮ್ಮಪ್ಪ ಮನೆಯಲ್ಲಿರಲಿಲ್ಲ. ಗಿಡ್ಡ ಕತ್ತರಿಸಿದ ಕೂದಲು, ದಪ್ಪ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಮಿರಿಮಿರಿ ಮಿಂಚುವ ಕಂದು ಬೂಟು. ಬಾಗಿಲಲ್ಲಿ ನಿಂತು ಮೊದಲು ಮಗ್ಗದ ಕಡೆಯೇ ನೋಡಿದ. "ಸೀರೆ ಭಾಳ ಚೆಂದೈತೆ, ಯಾರಿಗಮ್ಮ?" ಎಂದು ಕೇಳಿದ. ಅಷ್ಟು ಸಾಕಾಯಿತು ನನಗೆ. ನಮ್ಮ ಬೀದಿಯ ಪದ್ಧತಿ ನಿನಗೆ ಗೊತ್ತೇ ಇದೆಯಲ್ಲ, ಗಂಡಿನ ಕಡೆಯವರು ನೆಟ್ಟಗೆ ಹೆಣ್ಣು ಕೇಳಲು ಬರುವುದಿಲ್ಲ. ಮೊದಲು ಒಬ್ಬನನ್ನು ಸೀರೆ ಕೇಳುವ ನೆಪದಲ್ಲಿ ಕಳಿಸುತ್ತಾರೆ. ಅವನು ಮಗ್ಗ ನೋಡಿದ ಹಾಗೆ ಮಾಡಿ ಮನೆ ನೋಡಿಕೊಂಡು ಹೋಗುತ್ತಾನೆ. ನನ್ನನ್ನು ನೋಡಲು ಬಂದವನು ನಮ್ಮವ್ವನ ಕೈಯಲ್ಲಿ ಎರಡು ಸೀರೆ ಬಿಚ್ಚಿಸಿ, ಒಂದನ್ನೂ ಕೊಳ್ಳದೆ ಹೋಗಿದ್ದ.

ಅವನು ತಾನು ಯಾರು ಎಂದು ಹೇಳಲು ಬಾಯಿ ತೆರೆದ. ನಾನು ಬಿಡಲಿಲ್ಲ. "ಗೊತ್ತು ಬಿಡ್ರಿ, ಯಾರು ಕಳ್ಸಿದಾರೆ ಅನ್ನೋದೂ ಗೊತ್ತು" ಅಂದೆ. ಅವನಿಗೆ ಸಮಾಧಾನವಾದಂತೆ ಕಂಡಿತು. "ಓ, ಮಗಳು ಹೇಳಿದಾಳೆ ಅನ್ರಿ, ಅಡ್ರೆಸ್ ಕೊಟ್ಟಿದ್ದೂ ಅವಳೇ" ಅಂದ. ಆ ಮಾತು ಕೇಳಿ ನನ್ನ ಕೈಯಲ್ಲಿದ್ದ ರಾಟೆ ನಿಂತಿತು. ಆಮೇಲೆ ಶುರು ಮಾಡಿದ. ಎಷ್ಟು ವರ್ಷದಿಂದ ಇದೇ ಮನೆಯಲ್ಲಿದ್ದೀರಿ, ಆಂಧ್ರದ ಕಡೆ ಸಂಬಂಧಿಕರು ಯಾರು, ಮಗಳ ಗುಣನಡತೆ ಹೇಗೆ, ಗೆಳೆತನ ಯಾರ ಜೊತೆ, ಗಲಾಟೆಗಿಲಾಟೆ ಏನಾದರೂ ಇದೆಯೇ ಎಂದು ಒಂದೊಂದೇ ಕೇಳಿದ. ಹೆಣ್ಣಿನವರು ಅಂದರೆ ಇಷ್ಟು ಸದರವೇ?

ನಾನು ಉಪಾಯ ಮಾಡಿದೆ. ಬೈದು ಕಳಿಸಿದರೆ ಲಕ್ಷ್ಮಕ್ಕ ಇನ್ನೊಬ್ಬನನ್ನು ಕಳಿಸುತ್ತಾಳೆ. ಇನ್ನು ಆ ಕಡೆಯವರು ಯಾರೂ ನಮ್ಮ ಬೀದಿಗೆ ತಲೆ ಹಾಕದಂತೆ ಮಾಡಬೇಕು ಅನ್ನಿಸಿತು. "ಗುಣಾನಾ? ಅವಳು ಯಾರ ಮಾತೂ ಕೇಳಲ್ಲ, ಕೈ ಮುಂದು" ಅಂದೆ. ಕಾಲೇಜಿನ ಹತ್ತಿರ ಬಸ್ಸು ನಿಲ್ಲಿಸಬೇಕೆಂದು ನೀವೆಲ್ಲ ರಸ್ತೆಯಲ್ಲಿ ಕೂತಿದ್ದಿರಲ್ಲ, ಅದನ್ನೂ ಹೇಳಿದೆ. ಹೇಳಿದ್ದು ಸಪ್ಪೆಯಾಯಿತೇನೋ ಎನಿಸಿ, "ಬಸ್ಸಿಗೆ ಕಲ್ಲು ತೂರಿ ಪೊಲೀಸ್ ಸ್ಟೇಷನ್ನಿಗೂ ಹೋಗ್ಬಂದಳು" ಎಂದು ಸೇರಿಸಿದೆ. ಅವನ ಮುಖ ನೋಡಬೇಕಿತ್ತು ನೀನು! "ಯಾವ ಸ್ಟೇಷನ್ನಮ್ಮ?" ಎಂದು ಬಹಳ ಮೆತ್ತಗೆ ಕೇಳಿದ. "ಒಂದಾ ಎರಡಾ, ನೆನಪಿಲ್ಲ" ಅಂದೆ. ಕೊಟ್ಟ ಮಜ್ಜಿಗೆಯನ್ನೂ ಅರ್ಧಕ್ಕೆ ಬಿಟ್ಟು ಹೊರಟುಹೋದ. ಅವನು ತಿರುವಿನಲ್ಲಿ ಮರೆಯಾದ ಮೇಲೆ ಒಬ್ಬಳೇ ಕೂತು ನಕ್ಕೆ.

ಆದರೆ ರಾತ್ರಿ ನಿದ್ದೆ ಬರಲಿಲ್ಲ. ಅಡ್ರೆಸ್ ಕೊಟ್ಟವಳು ನೀನೇ ಅಂದನಲ್ಲ. ಹೌದಾ ಪುಷ್ಪಾ? ಹೋದ ವಾರ ಫೋನಿನಲ್ಲಿ ಮುಂದೇನು ಎಂದು ಕೇಳಿದ್ದಕ್ಕೆ "ನೋಡಾಣ ಬಿಡವ್ವ, ಏನಾಗ್ತೈತೋ" ಎಂದು ಸಣ್ಣ ದನಿಯಲ್ಲಿ ಅಂದೆಯಲ್ಲ, ಇದಕ್ಕೇನಾ? ನಿಮ್ಮ ಕಾಲೇಜಿಗೆ ಇನ್ನೂ ಯಾವ ಕಂಪನಿಯೂ ಬಂದಿಲ್ಲ, ಬರುತ್ತದೋ ಇಲ್ಲವೋ ಹೇಳುವವರಿಲ್ಲ, ಅದು ನನಗೆ ಗೊತ್ತು. ಅಷ್ಟಕ್ಕೇ ಮನಸ್ಸು ಸೋತು ಅತ್ತೆಯ ಮಾತಿಗೆ ಹೂಂ ಅಂದೆಯಾ? ನನ್ನನ್ನು ಏಳನೇ ಕ್ಲಾಸಿಗೆ ಬಿಡಿಸಿದಾಗ ನಾನೂ ಹೂಂ ಅಂದಿದ್ದೆ. ನೀನು ಅನ್ನಕೂಡದು. ಕೆಲಸ ಒಂದು ವರ್ಷ ತಡವಾಗಿ ಸಿಗಲಿ, ಎರಡು ವರ್ಷ ತಡವಾಗಲಿ, ನಾನು ರಾಟೆ ತಿರುಗಿಸುತ್ತೇನೆ. ನೀನು ಓದು ಮುಗಿಸು. ಇದೊಂದು ಮಾತು ನಡೆಸಿಕೊಡು ಮಗಳೇ.

ದಿವ್ಯಾಳನ್ನು ಕೇಳಿದೆ ಎಂದು ಹೇಳು, ಚಟ್ನಿಪುಡಿಯ ಮಾತು ಅವಳಿಗೆ ಹೇಳಬೇಡ. ಹೊಟ್ಟೆ ತುಂಬ ಉಣ್ಣು. ದೇವರು ನಿನಗೆ ಗಟ್ಟಿ ಮನಸ್ಸು ಕೊಡಲಿ.

ನಿನ್ನನ್ನೇ ಕಾಯುತ್ತಿರುವ
ಅವ್ವ,
ಗೀತಮ್ಮ

ವಿ.ಸೂ.: ಪುಷ್ಪಾ, ಅಂಟು ಹಾಕಿದ್ದ ಕಾಗದ ಬಿಚ್ಚಿ ಬರೆಯುತ್ತಿದ್ದೇನೆ. ನಿಮ್ಮಪ್ಪ ಬಂದರು. ಒಳಗೆ ಕಾಲಿಡುತ್ತಲೇ, ನಿಮ್ಮಕ್ಕ ಕಳಿಸಿದವನನ್ನು ಹೇಗೆ ಓಡಿಸಿದೆ ನೋಡಿ ಎಂದು ಜಗಳಕ್ಕೆ ನಿಂತೆ. ಕೇಳುತ್ತಾ ಕೇಳುತ್ತಾ ಅವರ ಮುಖ ಬಿಳಿಚಿಕೊಂಡಿತು. "ಕಾಲಾಗೆ ಯಾವ ಬೂಟಿತ್ತು?" ಎಂದು ಕೇಳಿದರು. ಹೇಳಿದೆ. ಹಾಗೇ ಮಗ್ಗದ ಗುಂಡಿಯಲ್ಲಿ ಕುಸಿದು ಕೂತು, "ಅಯ್ಯೋ ಗೀತಾ, ಅಂಥ ಬೂಟು ಹಾಕೋರು ಪೊಲೀಸ್ನೋರು ಕಣೇ" ಅಂದರು. ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರದ ರಜೆ ತರಬೇತಿಗೆ ನಿಮ್ಮ ಕಾಲೇಜಿನಿಂದ ನಿನ್ನನ್ನು ಆರಿಸಿರುವುದು, ಚೆನ್ನಾಗಿ ಮಾಡಿದರೆ ಮುಂದೆ ಕೆಲಸಕ್ಕೂ ದಾರಿ ಇರುವುದು, ಒಳಗೆ ಬಿಡುವ ಮೊದಲು ಪೊಲೀಸರು ಊರಿಗೆ ಬಂದು ವಿಚಾರಿಸುವುದು, ಎಲ್ಲ ಹೇಳಿದರು. ಟ್ರಂಕಿನಿಂದ ನಿನ್ನ ಫೋಟೋ ತೆಗೆದುಕೊಟ್ಟದ್ದೂ ಅದಕ್ಕಂತೆ. ಹಸಿರು ಸೀರೆ ನೀನು ಅಲ್ಲಿಗೆ ಮೊದಲ ದಿನ ಉಟ್ಟು ಹೋಗಲಿಕ್ಕಂತೆ. "ಅವ್ವಂಗೆ ಹೇಳ್ಬ್ಯಾಡಪ್ಪ, ಸಿಗದಿದ್ರೆ ನನಗಿಂತ ಅವಳೇ ಜಾಸ್ತಿ ಅಳ್ತಾಳೆ" ಅಂದಿದ್ದೆಯಂತೆ ನೀನು. ಈಗ ನೋಡು, ಸಿಕ್ಕಿದ್ದನ್ನು ನಾನೇ ಕಲ್ಲು ಹಾಕಿ ಕೆಡಿಸಿ, ಕೂತು ಅಳುತ್ತಿದ್ದೇನೆ.

ಈಗಲೇ ಸ್ಟೇಷನ್ನಿಗೆ ಹೊರಟಿದ್ದೇನೆ. ನಾನು ಮಾತಾಡ್ತೀನಿ ಎಂದು ನಿಮ್ಮಪ್ಪ ಎದ್ದರು. ಬೇಡ ಅಂದೆ. ಸುಳ್ಳು ಹೇಳುವಾಗ ಲಾಳಿ ನೋಡುವವರು ನಿಜ ಹೇಳುವಾಗ ಎಲ್ಲಿ ನೋಡುತ್ತಾರೋ. ಹೇಳಿದ ಬಾಯಿಯೇ ಹೋಗಿ ಹೇಳಬೇಕು. ಅಲ್ಲಿ ಕಾಲೇಜಿಗೂ ಯಾರಾದರೂ ಬಂದು, ಬಸ್ಸಿಗೆ ಕಲ್ಲು ತೂರಿದ್ದೆಯಾ ಎಂದು ಕೇಳಿದರೆ ಹೆದರಬೇಡ. ನಮ್ಮವ್ವ ದೊಡ್ಡ ಸುಳ್ಳುಬುರುಕಿ ಎಂದು ತಲೆಯೆತ್ತಿ ಹೇಳು. ಇಲ್ಲಿ ಸ್ಟೇಷನ್ನಿನಲ್ಲಿ ನಾನೂ ಅದನ್ನೇ ಹೇಳಿರುತ್ತೇನೆ.