ಬೆರಕೆ ಸೊಪ್ಪಿನ ಪಾತಿ

ಅಕ್ಕಾ,

ನಾಳೆ ಭಾನುವಾರ. ಅಷ್ಟರೊಳಗೆ ನಿನ್ನಿಂದ ಒಂದು ವಿಷಯ ತಿಳಿಯಬೇಕು. ಎರಡು ಸಾಲು ಬರೆಯುತ್ತೇನೆ, ಎದ್ದು ಬದುವಿನ ಮೇಲೆ ಓಡಾಡುತ್ತೇನೆ, ಬಂದು ಕೂರುತ್ತೇನೆ, ಮತ್ತೆ ಎದ್ದು...

ಹೋದ ಭಾನುವಾರ ನಿನ್ನ ಮಗಳು ಸುಮ ನನ್ನನ್ನು ಮೈಸೂರಿಗೆ ಕರೆಸಿಕೊಂಡಿದ್ದಳು. ಅವರ ಬಡಾವಣೆಯವರು ಸೇರಿ ಖಾಲಿ ಜಾಗದಲ್ಲಿ ಮಕ್ಕಳಿಗೊಂದು ತೋಟ ಮಾಡಿದ್ದಾರೆ. ಮಗುವಿಗೊಂದು ಪಾತಿ, ಮಂಚದಷ್ಟು ಅಗಲ. ನಾಲ್ಕು ಕೋಳಿ, ಒಂದು ಮೇಕೆ. ಮೇಕೆ ಮುಟ್ಟಲು ಮಕ್ಕಳು ಸಾಲು ನಿಂತಿದ್ದವು ಅಂದರೆ ನಂಬುತ್ತೀಯಾ? ನಿನ್ನ ಮೊಮ್ಮಗಳು ಮೇಘ ನನ್ನ ಕೈ ಹಿಡಿದು, "ನಮ್ಮ ತಾತ, ನಿಜವಾದ ರೈತರು" ಅಂತ ಎಲ್ಲರಿಗೂ ತೋರಿಸಿದಳು. ನನಗೆ ಅಷ್ಟು ಸಾಕಾಯಿತು.

"ಕಿಕ್ಕೇರಿ ಸುತ್ತ ನನ್ ಹೊಲದಷ್ಟು ಚೊಕ್ಕವಾಗಿರೋ ಹೊಲ ಯಾವನಾದ್ರೂ ತೋರುಸ್ಲಿ, ಮೀಸೆ ಬೋಳುಸ್ಕೋತೀನಿ" ಅಂದೆ.

"ನಿಮ್ಗೆ ಮೀಸೆನೇ ಇಲ್ವಲ್ಲ ಅಂಕಲ್" ಅಂದಳು ಒಬ್ಬ ಪುಟ್ಟಿ.

ಮಕ್ಕಳೆಲ್ಲ ನಕ್ಕವು. ಸೋಲೋದುಂಟಾ? ಮೇಘ ನೀರು ತರಲು ಹೋಗಿದ್ದಳು. ಅವಳ ಪಾತಿ ತುಂಬ ಕಳೆ. ಬಗ್ಗಿದವನೇ ಎರಡೂ ಕೈಯಲ್ಲಿ ಕಿತ್ತೆ. ಗಳಿಗೆಯಲ್ಲಿ ಪಾತಿ ಗುಡಿಸಿದ ಅಂಗಳವಾಯಿತು. ಚಪ್ಪಾಳೆಯೂ ಬಿತ್ತು.

ಮೇಘ ಬಂದು ಕೊಡ ಕೆಳಗಿಟ್ಟಳು. "ತಾತ, ಅದು ಅಜ್ಜಿ ಸೊಪ್ಪು."

ನೀನು ಹೋಗುವ ಮುಂಚೆ ಪಾಂಡವಪುರದ ನಿಮ್ಮ ಹೊಲದಲ್ಲಿ ಬೀಜ ಉದುರಿಸಿಕೊಂಡು ಬಂದು ಅವಳಿಗೆ ಗಂಟು ಕಟ್ಟಿಕೊಟ್ಟಿದ್ದೆಯಂತೆ. ನನಗೇನು ಗೊತ್ತು? ನಮ್ಮಲ್ಲಿ ಗಂಡಸರು ಬೆರಕೆ ಸೊಪ್ಪು ಬಿಡಿಸಿದ್ದುಂಟಾ? ಬದುವಿನಿಂದ ಮಡಿಲು ತುಂಬ ತರುತ್ತಿದ್ದವರು ನೀವು. ಸಾರು ಸುರಿದುಕೊಂಡು ಉಂಡವರು ನಾವು. ಹೊಲದಲ್ಲಿ ಕಂಡರೆ ನಮಗೆ ಅದೇ ಕಳೆ.

"ಏನ್ ಮಾಡ್ಬುಟ್ರಿ ಮಾವ! ಒಂದ್ ವರ್ಷದಿಂದ ಆ ಗಂಟ್ನ ಯಾರ್ಗೂ ಮುಟ್ಟಕ್ ಬುಟ್ಟಿರ್ಲಿಲ್ಲ ಅವ್ಳು" ಅಂದಳು ಸುಮ.

ಮೇಘ ಅಳಲಿಲ್ಲ. ಅತ್ತಿದ್ದರೆ ಮಿಠಾಯಿ ಕೊಡಿಸಿ ಗೆಲ್ಲುತ್ತಿದ್ದೆ. ಕಿತ್ತ ಗಿಡಗಳನ್ನು ಬೇರೆಬೇರೆ ಮಾಡಿ ನಾಲ್ಕು ಗುಡ್ಡೆ ಇಟ್ಟು, "ಬೀಜ ಎಲ್ಲಾ ಹಾಕ್ಬಿಟ್ಟಿದ್ದೆ, ಇನ್ನಿಲ್ಲ" ಅಂದಳು.

"ಬರೋ ಭಾನ್ವಾರ ನಾನ್ ತಂದ್ಕೊಡ್ತೀನಿ ಕಣವ್ವ. ನಂಗೊತ್ತಿಲ್ದೆ ಇರೋ ಗಿಡ ಯಾವುದದೆ?" ಅಂದುಬಿಟ್ಟೆ. ಈ ಬಾಯಿ ಇದೆಯಲ್ಲ...

ಗುಡ್ಡೆಗೊಂದು ಗಿಡ ಊರಿಗೆ ತಂದು ಪಕ್ಕದ ಹೊಲದ ಜಯಮ್ಮನಿಗೆ ತೋರಿಸಿ ಕೇಳಿದೆ. "ಅರವತ್ ವರ್ಷ ತಿಂದಿದ್ದೀಯ, ಗುರ್ತು ಸಿಗಾಕಿಲ್ವಾ? ಬೊಗಳೆ ಮಾತ್ರ ಊರಗಲ!" ಅಂದಳು. ಬೈದುಕೊಂಡೇ ಅಣ್ಣೆ, ಗಣಿಕೆ, ಕೀರೆ ತೋರಿಸಿದಳು. ಮೂರರ ಬೀಜ ಸಿಕ್ಕಿತು.

ನಾಲ್ಕನೆಯದೇ ಸಿಗುತ್ತಿಲ್ಲ. ಎಲೆಯ ಹಿಂಬದಿ ಕೆಂಪು, ಅಗಿದರೆ ಹುಳಿ. ಹೆಸರು ಮೇಘಳಿಗೂ ಗೊತ್ತಿಲ್ಲ, ಜಯಮ್ಮನಿಗೂ ಗೊತ್ತಿಲ್ಲ. ನಿಮ್ಮ ಹೊಲ ಮೂರು ಸಲ ಸುತ್ತಿದೆ. ಸಿಕ್ಕಿದ್ದನ್ನೆಲ್ಲ ಅಗಿದು ನಾಲಿಗೆ ದಡ್ಡುಗಟ್ಟಿದೆ. ಎಲ್ಲಿ ಬಿಡಿಸುತ್ತಿದ್ದೆ ಅಕ್ಕ? ನಾಲೆಯ ಏರಿ ಮೇಲಾ? ಕಲ್ಲುಗುಡ್ಡೆ ಬದುವಿನಲ್ಲಾ?

ಯಾವುದೋ ಬೀಜ ಕಟ್ಟಿ, ಇದೇ ಅದು ಅಂದರೆ ಮಗು ನಂಬುತ್ತದೆ. ನಿನ್ನೆ ಕಟ್ಟಿಯೂ ಇಟ್ಟಿದ್ದೆ. ಬೆಳಿಗ್ಗೆ ಎದ್ದು ಬಿಚ್ಚಿ ಚೆಲ್ಲಿದೆ.

ನಾಳೆ ಮೂರೇ ಗಂಟು ಒಯ್ಯುತ್ತೇನೆ. ನಾಲ್ಕನೆಯದು ನನಗೆ ಗೊತ್ತಿಲ್ಲ ಕಣವ್ವ, ಬಾ, ಇಬ್ಬರೂ ಹುಡುಕೋಣ ಅನ್ನುತ್ತೇನೆ. ನನಗೆ ಗೊತ್ತಿಲ್ಲ ಅನ್ನುವ ಮಾತು ನೀನು ಬದುಕಿದ್ದಷ್ಟು ದಿನ ಒಂದು ಸಲವಾದರೂ ನನ್ನ ಬಾಯಲ್ಲಿ ಕೇಳಿದ್ದೆಯಾ, ಅಕ್ಕ?