ಆಯಿಗೆ ಆಗಿದ್ದು ವಾಯುವಲ್ಲ

ವಿಜೇತಾ,

ಹೆದರಿದ್ದೇನೆ ಎಂಬುದನ್ನು ಬರೆಯದೇ ಬಿಡುವವಳಿದ್ದೆ. ನನ್ನ ಅಕ್ಷರ ಕಂಡರೆ ನೀನು ಲಕೋಟೆಯನ್ನೇ ಒಡೆಯುವುದಿಲ್ಲ, ಗೊತ್ತು.

ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತದೆಂದು ಇವತ್ತು ಹೀರಾ ಮೌಶಿಯ ಜೊತೆ ಕಾರವಾರದಲ್ಲಿ ಹೃದಯದ ಡಾಕ್ಟರ ಬಳಿ ಹೋಗಿದ್ದೆ. ತಂಬಾಕು ಇದೆಯೇ ಎಂದು ಕೇಳಿದರು. ಇಲ್ಲವೆಂದೆ. ಮೌಶಿ ನಕ್ಕಳು.

“ನಮ್ಮನೆ ಹೆಂಗಸ್ರು ಬೀಡಿ ಸೇದೂದಾ ಡಾಕ್ಟ್ರೇ? ಚಲೋ ಕೇಳಿದ್ರಿ!”

ಡಾಕ್ಟರು ಅವಳ ಕಪ್ಪು ಹಲ್ಲುಗಳನ್ನೇ ನೋಡುತ್ತಿದ್ದರು. “ಹಲ್ಲಿಗೆ ಏನು ತಿಕ್ತೀರಿ ಅಮ್ಮಾ?”

“ಮಶೇರಿ. ಇವ್ಳೂ ತಿಕ್ತಾಳೆ, ಇವ್ಳ ತಂಗಿನೂ. ಅವ್ರ ಆಯಿ, ನನ್ನ ಅಕ್ಕ, ಕಲ್ಸಿದ್ದು.”

“ಅದು ಸುಟ್ಟ ತಂಬಾಕೇ ಅಲ್ವಾ? ಇವರ ಆಯಿ ಇದ್ದಾರಾ?”

“ಇಲ್ಲ, ನಲವತ್ತಮೂರಕ್ಕೇ ಹೋದ್ಲು. ಎದೆಯಲ್ಲಿ ವಾಯು ಆಗಿತ್ತು.”

ಅವರು ಪೆನ್ನು ಕೆಳಗಿಟ್ಟರು. ಅದು ವಾಯುವಾಗಿರಲಿಕ್ಕಿಲ್ಲ, ಹೃದಯವೇ ಇರಬೇಕು ಎಂದರು. ತಾಯಿ ಸಣ್ಣ ವಯಸ್ಸಿಗೆ ಹಾಗೆ ಹೋಗಿದ್ದು, ಜೊತೆಗೆ ತಂಬಾಕು, ಬಿಪಿ, ಸಕ್ಕರೆಯೂ ಸೇರಿದರೆ ಮಕ್ಕಳ ರಕ್ತನಾಳಗಳು ಬೇಗ ಗಡುಸಾಗಬಹುದಂತೆ. ಇಷ್ಟು ಓದಿಯೂ ಮಶೇರಿಯನ್ನು ನಾನು ತಂಬಾಕೆಂದು ಎಣಿಸಿರಲೇ ಇಲ್ಲ. ನನಗೆ ಬಿಪಿ ಇದೆ. ನಿನಗೆ? ಅಷ್ಟೂ ನನಗೆ ತಿಳಿದಿಲ್ಲ.

ತಂಗಿ ಅಂಕೋಲಾದಲ್ಲಿದ್ದಾಳೆ ಎಂದೆ. “ಇಲ್ಲೇ ಹತ್ರ ಅಲ್ವಾ? ಬೇಗ ಕರ್ಕೊಂಡು ಬನ್ನಿ” ಎಂದರು. ಮೌಶಿ ನೆಲ ನೋಡಿದಳು.

ಆಗಸ್ಟಿಗೆ ನಿನಗೆ ನಲವತ್ತಮೂರು. ಇವತ್ತು ಬೆಳಿಗ್ಗೆಯೂ ಹಿತ್ತಲಲ್ಲಿ ನಿಂತು ಮಶೇರಿ ತಿಕ್ಕಿರುತ್ತೀಯ. ನನ್ನ ರಿಪೋರ್ಟು ಮುಂದಿನ ವಾರ ಬರುತ್ತದೆ. ಅದನ್ನು ನೋಡಿ ಈ ಕಾಗದ ಕಳಿಸೋಣವೆಂದುಕೊಂಡಿದ್ದೆ. ಅಷ್ಟು ಕಾಯುವ ಧೈರ್ಯ ನನಗಿಲ್ಲ. ವಿಳಾಸವನ್ನು ಮೌಶಿಯ ಕೈಲಿ ಬರೆಸುತ್ತೇನೆ. ಒಡೆದು ಇಲ್ಲಿಯತನಕ ಓದಿದ್ದರೆ, ಬೇಗ ಬಾ.

ಅಂಚೆಗೆ ಹಾಕುವುದು: ಸೋಮವಾರ, ೧೮ ಜುಲೈ ೨೦೦೫.